ಏಳು ಮೆಟ್ಟಿಲು

ಕುಡ್ಚಡೆ ಮುನ್ಸಿಪಾಲ್ಟಿ ಸಭಾಗೃಹದ ಕೀಲಿಕೈ
ಹದಿಮೂರು ವರ್ಷಾತು ನನ್ನ ಸೆರಗಿನ ಗಂಟಿನ್ಯಾಗ.
ಗುತ್ತಿಗಿ ಕೆಲಸ. ಪಗಾರ ತಡ. ಕಸಬರಿಗಿ ನಂದ.
ರಸೀದಿ ಪುಸ್ತಕ ಹಿಡಿಯಾಕ ಓದು ಬರಬೇಕಂತ,
ಕೀಲಿಕೈ ಹಿಡಿಯಾಕ ಬ್ಯಾಡಂತ.

ನಾ ನೋಡದ್ದು ಏನೈತಿ ಇಲ್ಲಿ?
ಮುಂಜಾನೆ ಪೋಲಿಯೋ ಹನಿ, ಮಧ್ಯಾಹ್ನ ಯಾರದೋ ಮದುವಿ ಊಟ,
ಸಂಜಿಗೆ ತಿಯಾತ್ರದವರ ತಾಲೀಮು:
ಅಳೂದು, ನಿಲ್ಲಸೂದು, ಮತ್ತ ಮೊದಲಿಂದ ಅಳೂದು.
ನವೆಂಬರ್ ಒಂದಕ್ಕ ನಮ್ಮ ಮಂದಿ
ಅರ್ಧ ಬಾಡಿಗಿ ಕೇಳಿ ಮರಾಠಿಯೊಳಗ ಅರ್ಜಿ ಬರಸ್ತಾರ,
ಒಪ್ಪಿಗಿ ಕೊಂಕಣಿಯೊಳಗ ಬರತೈತಿ,
ಭಾಷಣ ಕನ್ನಡದಾಗ ಮುಗಿಯಂಗಿಲ್ಲ.
ಗ್ವಾಡಿಗೆ ಯಾವ ಭಾಷಾನೂ ಅಂಟಿಲ್ಲ,
ಬ್ಯಾನರ್ ಹಚ್ಚಿದ ಟೇಪಿನ ಕಲಿ ಅಷ್ಟ ಉಳದಾವ.

ಆದ್ರ ಏಳು ಮೆಟ್ಟಿಲು.
ಕೆಂಪು ಕಲ್ಲಿನವು. ಅದಿರಿನ ಲಾರಿ ನಿಂತ ಮ್ಯಾಲೂ
ಧೂಳಿ ನಿಂತಿಲ್ಲ, ನಾ ತೊಳದು ತೊಳದು ನುಣುಪಾಗ್ಯಾವ.
ಎರ್ಮೆಲಿಂಡಾ ಬಾಯಿ ಕೆಳಗ,
ಗಾಲಿಕುರ್ಚಿಯೊಳಗ, ಬಾದಾಮಿ ಗಿಡದ ನೆರಳಿಗೆ,
ಕಿಡಕಿಯಿಂದ ಬಿದ್ದಷ್ಟು ಮಾತು ಆರಿಸಿಕೊಂಡು
ವಾರ್ಡಿನ ಸಭಾ ಪೂರಾ ಕೇಳತಿದ್ಲು.
ಪ್ರಶ್ನಾ ಇದ್ರ ಚೀಟಿ ಬರದು ನನ್ನ ಕೈಯಾಗ ಕೊಡೂದು.
ನಾ ಓದಾಕ ಬರದಾಕಿ, ಆಕಿ ಏರಾಕ ಬರದಾಕಿ,
ಇಬ್ಬರ ನಡುವ ಒಂದು ಚೀಟಿ
ಏಳು ಮೆಟ್ಟಿಲು ಹತ್ತತಿತ್ತು.
ಅಧ್ಯಕ್ಷರು ಕಿಸೆದಾಗ ಇಟ್ಟು “ನೋಡೋಣ” ಅಂತಿದ್ರು.
ಆ ಕಿಸೆ ಎಷ್ಟು ಆಳ ಅಂತ ಯಾರೂ ಅಳದಿಲ್ಲ.

ಒಂದ್ ಸಲ ನಾಲ್ಕು ಹುಡುಗರು ಬಂದ್ರು,
ಕುರ್ಚಿ ಸಮೇತ ಎತ್ತಿ ಒಯ್ಯತೀವಿ ಅಂದ್ರು.
“ನಾ ಏನು ಪಾಲಕಿ ದೇವರಾ?
ದೇವರಾದ್ರ ಸುಮ್ಮನ ಕೂಡತಾನ.
ನನಗ ಲೆಕ್ಕ ಕೇಳೂದೈತಿ.”

ಕಡೀಕ ರ‍್ಯಾಂಪ್ ಮಂಜೂರಾತು.
ಮೊದಲಿನದು ಎಂಥಾ ಕಡಿದಂದ್ರ,
ತೆಂಗಿನಕಾಯಿ ಬಿಟ್ರ ಸೀದಾ ಸ್ಟೇಷನ್ನಿಗೆ ಉರುಳತಿತ್ತು.
ರಿಬ್ಬನ್ ಕತ್ತರಿಸಿದ್ರು, ಫೋಟೋ ತಗದ್ರು,
ಅದರ ಮ್ಯಾಲೆ ಹುಡುಗೂರು ಜಾರಬಂಡಿ ಆಡಿದ್ರು.

ಆಮ್ಯಾಲೆ ಹೊಸಾ ಇಂಜಿನಿಯರ್ ಹುಡುಗಿ ಬಂದ್ಲು, ತೃಪ್ತಾ ವೇಳಿಪ.
ಮಣಕಾಲೂರಿ ಕೂತು ಟೇಪು ಹಿಡದು ಅಂದ್ಲು:
ಒಂದು ಅಡಿ ಏರಾಕ ಹನ್ನೆರಡು ಅಡಿ ನೆಲ ಬೇಕು.
ನನಗ ನಗಿ ಬಂತು.
ಲೋಂಡಾ ದಾಟಿ ಬಂದ ನಮ್ಮ ಮಂದಿ
ಒಂದು ಅಡಿ ಏರಾಕ ಎಷ್ಟು ನೆಲ ದಾಟೇವಿ,
ಯಾರು ಟೇಪು ಹಿಡದಿದ್ರು?

ನಲವತ್ತೆರಡು ಅಡಿ, ನಡುವ ಒಂದು ತಿರುವು.
ಅಷ್ಟು ಜಾಗ ಎಲ್ಲಿತ್ತು? ಸ್ಕೂಟರ್ ಇದ್ದವು,
ಮಿರ್ಚಿ ಗಾಡಿ ಇತ್ತು, ಅಧ್ಯಕ್ಷರ ಕಾರ್ ನಿಲ್ಲತಿತ್ತು.
ಮಿರ್ಚಿ ಗಾಡಿ ಒಂದ ದಿನದಾಗ ಸರೀತು.
ಕಾರ್ ಸರಿಯಾಕ ಮೂರು ಸಭಾ,
ಮ್ಯಾಲೊಂದು ಇಲೆಕ್ಷನ್ ಬೇಕಾತು.

ಮೊನ್ನಿನ ಸಭಾಕ್ಕ ಎರ್ಮೆಲಿಂಡಾ ಬಾಯಿ
ತಾನ ಗಾಲಿ ತಿರುವಿಕೋತ ಮ್ಯಾಲೆ ಬಂದ್ಲು.
ತಿರುವಿನ್ಯಾಗ ನಿಂತು ಉಸಿರು ತಗೊಂಡ್ಲು,
ನೂಕಾಕ ಹೋದಾವಗ ಬ್ಯಾಡ ಅಂದ್ಲು.
ಎಲ್ಲಾರೂ ಚಪ್ಪಾಳಿ ಹೊಡದ್ರು. ಸಾಕು ಅಂತ ಕೈ ಎತ್ತಿದ್ಲು.
ಮೊದಲನೇ ಮಾತು: ಪಾಯಖಾನಿ ಬಾಗಿಲಾ ಸಣ್ಣದೈತಿ.
ಎರಡನೇದು: ಈ ಕಾಂತವ್ವನ ಪಗಾರ
ಮೂರು ತಿಂಗಳಿಂದ ಯಾಕ ಬಂದಿಲ್ಲ?
ಹೊಸಾ ಅಧ್ಯಕ್ಷರ ಕೈ ತಾನ ಕಿಸೆಕ್ಕ ಹೋತು.
ಇಡಾಕ ಚೀಟಿ ಇರಲಿಲ್ಲ.

ರಾತ್ರಿ ಕೀಲಿ ಹಾಕಿ, ಯಾರೂ ಇಲ್ಲದ್ದು ನೋಡಿ,
ಮೆಟ್ಟಿಲು ಬಿಟ್ಟು ರ‍್ಯಾಂಪಿನಿಂದ ಇಳದೆ.
ಮಣಕಾಲಿಗೆ ಹಗೂರಾತು, ಸುಳ್ಳ್ಯಾಕ ಹೇಳಲಿ.
ಕೆಳಗ ಯಾರೋ ಅಡ್ಡ ಸ್ಕೂಟರ್ ಹಚ್ಚಿದ್ರು.
ನಂಬರ್ ಓದಾಕ ನನಗ ಬರಂಗಿಲ್ಲ,
ರಂಗೋಲಿ ಬರದಂಗ ಒಂದೊಂದ ಗೆರಿ ನೋಡಿ
ರಸೀದಿ ಪುಸ್ತಕದ ಹಿಂದ ತಿದ್ದಿ ಇಟ್ಟೀನಿ.
ನಾಳೆ ಬಾಯಿಗೆ ತೋರಸ್ತೀನಿ.